ಸ್ಟ್ಯಾಂಡರ್ಡ್‌ಗೆ ಡ್ರಾಫ್ಟ್ ಕೊಡುವಾಗ ಪೇಟೆಂಟ್ ಇದೆ ಅಂತ ಯಾರು, ಯಾವಾಗ, ಎಷ್ಟು ಹೇಳಬೇಕು?

ಕರಡುಪ್ರತಿ (ಚರ್ಚೆ ಆರಂಭಿಸಿದವರ ಅಡ್ಡಹೆಸರು; ಮುಂದೆ ಉತ್ತರಿಸುವವರದೂ ಹೀಗೇ)

ಸ್ಟ್ಯಾಂಡರ್ಡ್ (ಎಲ್ಲರ ಉತ್ಪನ್ನಗಳೂ ಪಾಲಿಸುವ ತಾಂತ್ರಿಕ ಮಾನದಂಡ) ರೂಪಿಸುವ ವರ್ಕಿಂಗ್ ಗ್ರೂಪ್‌ಗಳಲ್ಲಿ ಮತ್ತೆ ಮತ್ತೆ ಏಳುವ ಗೊಂದಲ ಇದು. ಒಂದು ಉದಾಹರಣೆ ಇಟ್ಟುಕೊಂಡೇ ಬಿಡಿಸೋಣ.

ಒಬ್ಬ ಎಂಜಿನಿಯರ್ ಪ್ಯಾಕೆಟ್ ದಟ್ಟಣೆಯ ಹತೋಟಿಗೆ ಹೊಸ ವಿಧಾನ ರೂಪಿಸಿದ್ದಾರೆ ಅನ್ನೋಣ. ಕಂಪನಿ ಮಾರ್ಚ್ 10ಕ್ಕೆ ಪೇಟೆಂಟ್ ಅರ್ಜಿ ಹಾಕಿದೆ. ಏಪ್ರಿಲ್‌ನಲ್ಲಿ ಅದೇ ವಿಧಾನವನ್ನು ಐಇಟಿಎಫ್‌ಗೆ (ಇಂಟರ್ನೆಟ್ಟಿನ ಸ್ಟ್ಯಾಂಡರ್ಡ್‌ಗಳನ್ನು ರೂಪಿಸುವ ಸಂಸ್ಥೆ) ಇಂಟರ್ನೆಟ್ ಡ್ರಾಫ್ಟ್, ಅಂದರೆ ಕರಡು ಪ್ರಸ್ತಾಪ ಆಗಿ ಸಲ್ಲಿಸುವ ಯೋಚನೆ ಇದೆ. ಅರ್ಜಿ ಪ್ರಕಟವಾಗುವುದು ಸಾಮಾನ್ಯವಾಗಿ ಮೊದಲ ಸಲ್ಲಿಕೆಯಿಂದ 18 ತಿಂಗಳಿಗೆ, ಅಂದರೆ ಮುಂದಿನ ವರ್ಷ ಸೆಪ್ಟೆಂಬರ್‌ಗೆ. ಅಲ್ಲಿಯವರೆಗೆ ಅಂಥ ಅರ್ಜಿ ಇದೆಯೆಂದು ಹೊರಗಿನವರಿಗೆ ಗೊತ್ತಾಗುವ ದಾರಿಯೇ ಇಲ್ಲ.

ಈಗ ಕೇಳಬೇಕಾದ್ದು: ಅರ್ಜಿ ಇನ್ನೂ ಗುಟ್ಟಾಗಿರುವಾಗಲೂ ಹೇಳಲೇಬೇಕಾ? ಹೇಳಿದರೆ ಪುಕ್ಕಟೆ ಲೈಸೆನ್ಸ್ ಕೊಟ್ಟ ಹಾಗಾಗುತ್ತದಾ? ಕಂಪನಿಯ ಕಪಾಟಿನಲ್ಲಿರುವ ಉಳಿದ ಪೇಟೆಂಟ್‌ಗಳನ್ನೆಲ್ಲ ಜಾಲಾಡಬೇಕಾ? ಇದೇ ಡ್ರಾಫ್ಟನ್ನು ಐಟಿಯು (ವಿಶ್ವಸಂಸ್ಥೆಯ ದೂರಸಂಪರ್ಕ ಸಂಸ್ಥೆ), ಎಟ್ಸಿ (ಯುರೋಪಿನ ದೂರಸಂಪರ್ಕ ಸ್ಟ್ಯಾಂಡರ್ಡ್ ಸಂಸ್ಥೆ) ಥರದ ಬೇರೆ ಕಡೆ ಒಯ್ದರೆ ನಿಯಮ ಬದಲಾಗುತ್ತದಾ?

ಹೆಡರ್‌ಬಿಟ್

ಐಇಟಿಎಫ್‌ನದ್ದನ್ನು ಮೊದಲು ಹೇಳುತ್ತೇನೆ. ಅಲ್ಲಿ ಈಗ ನಡೆಯುವುದು 2017ರ ಆರ್‌ಎಫ್‌ಸಿ 8179 (ಆರ್‌ಎಫ್‌ಸಿ ಅಂದರೆ ಐಇಟಿಎಫ್ ಅಂತಿಮಗೊಳಿಸಿ ನಂಬರ್ ಕೊಟ್ಟು ಪ್ರಕಟಿಸುವ ದಾಖಲೆ). ಅದಕ್ಕೂ ಮೊದಲು 2005ರ ಆರ್‌ಎಫ್‌ಸಿ 3979 ಇತ್ತು. ಹಳೆಯದನ್ನೇ ಓದಿಕೊಂಡು ವಾದ ಮಾಡುವವರು ಈಗಲೂ ಸಿಗುತ್ತಾರೆ, ಆದ್ದರಿಂದ ನಂಬರ್ ನೋಡಿಕೊಂಡು ಓದಿ.

ಮೊದಲ ಪ್ರಶ್ನೆಗೆ ಉತ್ತರ: ಹೌದು, ಹೇಳಲೇಬೇಕು. ಪ್ರಕಟವಾಗದ ಅರ್ಜಿಗೂ ಡಿಸ್‌ಕ್ಲೋಷರ್ (ಪೇಟೆಂಟ್ ಇದೆಯೆಂದು ಫಾರ್ಮ್ ತುಂಬಿ ತಿಳಿಸುವುದು) ಕಡ್ಡಾಯ. ಆದರೆ ಅರ್ಜಿಯ ಒಳಗಿರುವುದನ್ನು ಬಿಚ್ಚಿಡಬೇಕಿಲ್ಲ. «ಪ್ರಕಟವಾಗದ ಅರ್ಜಿಯ ಆಧಾರದ ಮೇಲೆ ಹೇಳುತ್ತಿದ್ದೇವೆ» ಎಂದು ನಮೂದಿಸಿ, ಯಾವ ಡ್ರಾಫ್ಟ್‌ಗೆ ತಾಗುತ್ತದೆ ಎಂದು ಹೇಳಿದರೆ ಆಯಿತು. ನಂಬರ್, ಕ್ಲೇಮ್‌ಗಳ (ಯಾವುದರ ಮೇಲೆ ಹಕ್ಕು ಎಂದು ಹೇಳುವ ಸಾಲುಗಳ) ಪಠ್ಯ ಯಾವುದೂ ಬೇಡ.

ಇಲ್ಲಿ ತೂಕದ ಮಾತು «ವೈಯಕ್ತಿಕವಾಗಿ, ಸಹಜವಾಗಿ ಗೊತ್ತಿರುವುದು» ಅನ್ನುವುದು. ಹೊಣೆ ಬೀಳುವುದು ಡ್ರಾಫ್ಟ್ ಕೊಡುವ ವ್ಯಕ್ತಿಯ ಮೇಲೆ, ಆತನಿಗೆ ತಿಳಿದಿರುವಷ್ಟಕ್ಕೆ. ಪೇಟೆಂಟ್ ಮಾತ್ರ ಆತನದ್ದೇ ಆಗಿರಬೇಕಿಲ್ಲ; ಉದ್ಯೋಗದಾತರದ್ದು, ಪ್ರಾಯೋಜಕರದ್ದು ಆದರೂ ಲೆಕ್ಕಕ್ಕೆ ಬರುತ್ತದೆ. ಮೂರನೇ ಪ್ರಶ್ನೆಗೂ ಇದರಲ್ಲೇ ಉತ್ತರ ಇದೆ: ಕಂಪನಿಯ ಪೇಟೆಂಟ್‌ಗಳನ್ನೆಲ್ಲ ಹುಡುಕುವ ಕೆಲಸ ಇಲ್ಲ. ಹಾಗಂತ ಬೇಕೆಂದೇ ಕಣ್ಣು ಮುಚ್ಚಿಕೊಂಡು ಕೂರುವುದಕ್ಕೆ ಈ ಮಾತು ಪರವಾನಗಿ ಅಲ್ಲ. ಪೇಟೆಂಟ್ ಅರ್ಜಿಯಲ್ಲಿ ಆವಿಷ್ಕಾರಕ ಎಂದು ತನ್ನದೇ ಹೆಸರಿದ್ದವರು «ನನಗೆ ಗೊತ್ತಿರಲಿಲ್ಲ» ಅಂದರೆ ಯಾರೂ ಒಪ್ಪುವುದಿಲ್ಲ.

ಯಾವಾಗ ಅಂದರೆ, ಡ್ರಾಫ್ಟ್ ಸಲ್ಲಿಸಿದ ಮೇಲೆ ಆದಷ್ಟು ಬೇಗ. ದಿನಗಳ ಲೆಕ್ಕ ಕೊಟ್ಟಿಲ್ಲ. ನನ್ನ ಸಲಹೆ: 00 ಆವೃತ್ತಿ (ಡ್ರಾಫ್ಟ್‌ನ ಮೊಟ್ಟಮೊದಲ ರೂಪ) ಸಲ್ಲಿಸುವ ದಿನವೇ ಫಾರ್ಮ್ ಸಿದ್ಧ ಇರಲಿ. ಮೀಟಿಂಗ್‌ನಲ್ಲಿ ಪ್ರೆಸೆಂಟ್ ಮಾಡುವ ಹೊತ್ತಿಗೆ ಡಿಸ್‌ಕ್ಲೋಷರ್ ಡೇಟಾಟ್ರ್ಯಾಕರ್‌ನಲ್ಲಿ (ಐಇಟಿಎಫ್‌ನ ದಾಖಲೆಗಳ ಜಾಲತಾಣ) ಕಾಣದಿದ್ದರೆ ತಡವಾಯಿತು ಅಂತಲೇ ಎಲ್ಲರೂ ಭಾವಿಸುತ್ತಾರೆ.

ನಾಲ್ಕನೇಪದರ

ಡ್ರಾಫ್ಟ್ ಬರೆದವರು ಮಾತ್ರ ಹೇಳಬೇಕು ಅನ್ನುವ ತಪ್ಪು ತಿಳಿವಳಿಕೆ ಬಹಳ ಇದೆ. ಬೇರೆಯವರ ಡ್ರಾಫ್ಟ್ ಮೇಲೆ ಮೇಲಿಂಗ್ ಲಿಸ್ಟ್‌ನಲ್ಲಿ ವಾದಿಸುವವರು, ಚರ್ಚೆಯ ಫಲಿತಾಂಶವನ್ನು ಯಾವುದೇ ರೀತಿಯಲ್ಲಿ ಅತ್ತಿತ್ತ ತಿರುಗಿಸಲು ನೋಡುವವರು, ಅವರೆಲ್ಲ 8179ರ ಪ್ರಕಾರ ಭಾಗವಹಿಸಿದವರೇ. ಆ ಡ್ರಾಫ್ಟ್‌ಗೆ ತಮ್ಮ ಕಂಪನಿಯ ಪೇಟೆಂಟ್ ತಾಗುತ್ತದೆಂದು ಗೊತ್ತಿದ್ದರೆ ಅವರೂ ಹೇಳಬೇಕು. ವರ್ಕಿಂಗ್ ಗ್ರೂಪ್‌ನ ಛೇರ್ ಆಗಿದ್ದರಂತೂ ಆ ಗ್ರೂಪಿನ ಎಲ್ಲ ಚಟುವಟಿಕೆಯಲ್ಲೂ ಭಾಗವಹಿಸಿದ ಹಾಗೇ ಲೆಕ್ಕ, ಒಂದು ಮೇಲ್ ಬರೆಯದಿದ್ದರೂ.

ಮೈಕ್ ಮುಂದೆ ನಿಂತು ಹೇಳಿದ ಸಲಹೆಯೂ ಕೊಡುಗೆಯೇ. «ಈ ಫೀಲ್ಡನ್ನು 16 ಬಿಟ್‌ಗೆ ಏರಿಸಿ, ನಷ್ಟದ ಎಣಿಕೆ ಇಲ್ಲೇ ಇಡಬಹುದು» ಎಂದು ಯಾರಾದರೂ ಎದ್ದು ಹೇಳಿದರು ಅನ್ನಿ, ಅದರ ಮೇಲೆ ಅವರ ಕಂಪನಿಯ ಅರ್ಜಿ ಇದೆ ಅನ್ನಿ. ಅಲ್ಲೇ ಬಾಯಿಮಾತಿನಲ್ಲಿ ಪೇಟೆಂಟ್ ವಿಷಯ ತಿಳಿಸಬೇಕು, ಇಲ್ಲವೇ ಲಿಖಿತವಾಗಿ ಸಲ್ಲಿಸಬೇಕು. ಎರಡನ್ನೂ ಮಾಡುವುದು ಕ್ಷೇಮ, ಏಕೆಂದರೆ ಮೀಟಿಂಗ್ ಮಿನಿಟ್ಸ್‌ನಲ್ಲಿ ಬಾಯಿಮಾತು ಅರ್ಧಂಬರ್ಧ ದಾಖಲಾಗುತ್ತದೆ.

ಕರಡುಪ್ರತಿ

ಕಂಪನಿ ಹೇಳಲು ಬಿಡದಿದ್ದರೆ? ಉದ್ಯೋಗ ಒಪ್ಪಂದದಲ್ಲಿ ಗೌಪ್ಯತೆಯ ಷರತ್ತು ಇದ್ದೇ ಇರುತ್ತದೆ.

ನಾಲ್ಕನೇಪದರ

ಆಗ ಆ ವಿಷಯದಲ್ಲಿ ಡ್ರಾಫ್ಟ್ ಕೊಡಬಾರದು, ಚರ್ಚೆಗೂ ಇಳಿಯಬಾರದು. ನಿಯಮ ಬಿಟ್ಟಿರುವ ದಾರಿ ಅದೊಂದೇ. «ಗೌಪ್ಯತೆ ಇತ್ತು, ಅದಕ್ಕೇ ಹೇಳಲಿಲ್ಲ, ಆದರೂ ಡ್ರಾಫ್ಟ್ ಕೊಟ್ಟೆ» ಅನ್ನುವುದು ಎಲ್ಲೂ ನಿಲ್ಲುವ ಸಮರ್ಥನೆ ಅಲ್ಲ. ಇದನ್ನು ಕಂಪನಿಯ ಕಾನೂನು ವಿಭಾಗದವರಿಗೆ ಮೊದಲೇ ಬರಹದಲ್ಲಿ ತಿಳಿಸಿಡುವುದು ಎಂಜಿನಿಯರ್‌ಗೆ ಒಳ್ಳೆಯದು. ಸಹಿಗೆ ಹೋದ ಫಾರ್ಮ್ ವಾರಗಟ್ಟಲೆ ಮೇಜಿನ ಮೇಲೆ ಕೂರುವುದು ಉಂಟು. ಡ್ರಾಫ್ಟ್ ಬರೆಯಲು ಶುರು ಮಾಡುವಾಗಲೇ ಅವರ ಕೈಗೆ ಕೊಟ್ಟರೆ 00 ಆವೃತ್ತಿಯ ಹೊತ್ತಿಗೆ ವಾಪಸ್ ಬರುತ್ತದೆ.

ಕ್ಲೇಮ್‌ಸಾಲು

ಫಾರ್ಮ್ ತುಂಬುವುದರಲ್ಲೇ ಅತಿ ಹೆಚ್ಚು ತಪ್ಪುಗಳಾಗುವುದರಿಂದ ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಐಇಟಿಎಫ್‌ನಲ್ಲಿ ಮೂರು ಬಗೆ ಇವೆ: ನಿರ್ದಿಷ್ಟ ಡ್ರಾಫ್ಟ್‌ಗೆ ಸಂಬಂಧಿಸಿದ್ದು, ಯಾವ ಡ್ರಾಫ್ಟನ್ನೂ ಹೆಸರಿಸದ ಸಾಮಾನ್ಯ ಹೇಳಿಕೆ, ಮತ್ತು ಬೇರೆಯವರ ಪೇಟೆಂಟ್ ಬಗ್ಗೆ ತಿಳಿಸುವುದು. ಮೂರನೆಯದು ಕಡ್ಡಾಯವಲ್ಲ, ಆದರೆ ಗೊತ್ತಿದ್ದವರು ತಿಳಿಸಲಿ ಎಂದು ನಿಯಮವೇ ಪ್ರೋತ್ಸಾಹಿಸುತ್ತದೆ.

ನಮ್ಮ ಉದಾಹರಣೆಗೆ ಬೇಕಾದ್ದು ಮೊದಲನೆಯದು. ಹಕ್ಕುದಾರರ ಹೆಸರಿನ ಜಾಗದಲ್ಲಿ ಪೇಟೆಂಟ್ ಯಾರ ಹೆಸರಲ್ಲಿದೆಯೋ ಆ ಸಂಸ್ಥೆಯ ಪೂರ್ಣ ಹೆಸರು ಹಾಕಿ. ಅಂಗಸಂಸ್ಥೆಯ ಹೆಸರಲ್ಲಿ ಅರ್ಜಿ ಹಾಕಿ, ಫಾರ್ಮ್‌ನಲ್ಲಿ ಮಾತೃಸಂಸ್ಥೆಯ ಹೆಸರು ಬರೆದರೆ ನಾಳೆ ಹುಡುಕುವವರಿಗೆ ಸಿಗುವುದಿಲ್ಲ. ಡ್ರಾಫ್ಟ್‌ನ ಹೆಸರನ್ನು ಆವೃತ್ತಿಯ ಸಂಖ್ಯೆಯೊಂದಿಗೇ ಕೊಡಬೇಕು: ಬರೀ ಹೆಸರು ಸಾಲದು, ಕೊನೆಯ 00, 01, 02 ಕೂಡ ಬೇಕು. ಯಾವ ಸೆಕ್ಷನ್‌ಗೆ ತಾಗುತ್ತದೆ ಎಂದೂ ಬರೆಯಿರಿ. 40 ಪುಟದ ಡ್ರಾಫ್ಟ್‌ನಲ್ಲಿ ಪೇಟೆಂಟ್ ಮುಟ್ಟುವುದು ಸೆಕ್ಷನ್ 4.2ರ ಒಂದು ಟೈಮರ್ ಲೆಕ್ಕಾಚಾರವನ್ನು ಮಾತ್ರ ಆಗಿದ್ದರೆ, ಗ್ರೂಪ್‌ನವರು ಆ ಟೈಮರನ್ನು ಬೇರೆ ರೀತಿ ಬರೆದು ಮುಂದೆ ಹೋಗಬಹುದು. ಸೆಕ್ಷನ್ ಹೇಳದಿದ್ದರೆ ಇಡೀ ಡ್ರಾಫ್ಟ್‌ಗೇ ಅನುಮಾನ ಅಂಟಿಕೊಳ್ಳುತ್ತದೆ, ಕೊಟ್ಟವರಿಗೂ ಅದರಿಂದ ನಷ್ಟವೇ.

ಪೇಟೆಂಟ್ ಮಂಜೂರಾಗಿದ್ದರೆ ಅಥವಾ ಅರ್ಜಿ ಪ್ರಕಟವಾಗಿದ್ದರೆ ಸಂಖ್ಯೆ ಬೇಕು, ಆವಿಷ್ಕಾರಕರ ಹೆಸರುಗಳೂ ಬೇಕು. ಆವಿಷ್ಕಾರಕರ ಹೆಸರು ಕೇಳುವುದು ಶುರುವಾದದ್ದು 8179ರಿಂದ. ಕಾರಣ ಸರಳ: ಡ್ರಾಫ್ಟ್‌ನ ಲೇಖಕರೂ ಪೇಟೆಂಟ್‌ನ ಆವಿಷ್ಕಾರಕರೂ ಒಬ್ಬರೇನಾ ಅನ್ನುವುದು ಅದರಿಂದ ತಕ್ಷಣ ಗೊತ್ತಾಗುತ್ತದೆ.

ಲೈಸೆನ್ಸ್ ಭಾಗದಲ್ಲಿ ಆಯ್ಕೆಗಳಿವೆ: ಲೈಸೆನ್ಸ್ ಪಡೆಯುವುದೇ ಬೇಡ, ರಾಯಲ್ಟಿ ಇಲ್ಲದೆ ಎಲ್ಲರಿಗೂ, ನ್ಯಾಯಯುತ ಹಾಗೂ ತಾರತಮ್ಯವಿಲ್ಲದ ಷರತ್ತಿನ ಮೇಲೆ (ರಾಯಲ್ಟಿ ಇರಬಹುದು), ನಂತರ ತಿಳಿಸುತ್ತೇವೆ, ಬದ್ಧರಾಗಲು ಒಪ್ಪುವುದಿಲ್ಲ. ಇಲ್ಲಿದೆ ಎರಡನೇ ಪ್ರಶ್ನೆಗೆ ಉತ್ತರ. ಡಿಸ್‌ಕ್ಲೋಷರ್ ಮಾಡಿದ ಮಾತ್ರಕ್ಕೆ ಪುಕ್ಕಟೆ ಕೊಟ್ಟ ಹಾಗಾಗುವುದಿಲ್ಲ. ಪೇಟೆಂಟ್ ಇದೆ ಅನ್ನುವುದನ್ನು ಹೇಳುವುದು ಕಡ್ಡಾಯ, ಯಾವ ಷರತ್ತಿಗೆ ಕೊಡುತ್ತೀರಿ ಎನ್ನುವುದನ್ನು ಹೇಳುವುದು ಐಇಟಿಎಫ್‌ನಲ್ಲಿ ಅಪೇಕ್ಷಣೀಯ ಮಾತ್ರ. ಪೇಟೆಂಟ್ ಸಿಂಧುವೇ, ಡ್ರಾಫ್ಟ್‌ಗೆ ನಿಜಕ್ಕೂ ತಾಗುತ್ತದೆಯೇ ಎಂದು ಐಇಟಿಎಫ್ ತೀರ್ಪು ಹೇಳುವುದಿಲ್ಲ. ಗ್ರೂಪ್‌ನವರು ಅದನ್ನು ಓದಿಕೊಂಡು ತಾವೇ ಲೆಕ್ಕ ಹಾಕಬೇಕು. ಹಾಗೆ ಲೆಕ್ಕ ಹಾಕಲು ಅವರಿಗೆ ಮಾಹಿತಿ ಸಕಾಲಕ್ಕೆ ಸಿಗಬೇಕು ಅನ್ನುವುದಕ್ಕೇ ಈ ನಿಯಮವೆಲ್ಲ ಇರುವುದು.

ಹೆಡರ್‌ಬಿಟ್

«ನಮ್ಮಲ್ಲಿ ಪೇಟೆಂಟ್‌ಗಳು ಇರಬಹುದು, ಇದ್ದರೆ ನ್ಯಾಯಯುತ ಷರತ್ತಿಗೆ ಕೊಡುತ್ತೇವೆ» ಎಂದು ಒಂದು ಸಲ ಸಾಮಾನ್ಯ ಹೇಳಿಕೆ ಹಾಕಿ ಕೈತೊಳೆದುಕೊಳ್ಳುವವರಿಗೆ ಒಂದು ಮಾತು. ಐಇಟಿಎಫ್‌ನಲ್ಲಿ ಅದು ಹೊಣೆ ತೀರಿಸುವುದಿಲ್ಲ. ಇಂಥ ಒಟ್ಟಾರೆ ಹೇಳಿಕೆ ಸಾಕಾಗುವುದು ರಾಯಲ್ಟಿ ಇಲ್ಲದೆ ಎಲ್ಲರಿಗೂ ಕೊಡುತ್ತೇವೆ ಎಂದೋ, ಹಕ್ಕು ಚಲಾಯಿಸುವುದೇ ಇಲ್ಲ ಎಂದೋ ಬದ್ಧರಾದರೆ ಮಾತ್ರ. ಹಣ ಕೇಳುವ ಉದ್ದೇಶ ಇದ್ದರೆ ಪ್ರತಿಯೊಂದು ಡ್ರಾಫ್ಟ್‌ಗೂ ಪ್ರತ್ಯೇಕ ಡಿಸ್‌ಕ್ಲೋಷರ್.

ಮಾನಕಮಿತ್ರ

ಬೇರೆ ಸಂಸ್ಥೆಗಳ ವಿಷಯ. ಒಂದು ಕಡೆ ಕಲಿತದ್ದನ್ನು ಇನ್ನೊಂದು ಕಡೆ ಹಾಗೇ ಅನ್ವಯಿಸಿದರೆ ಎಡವುವುದು ಖಂಡಿತ.

ಐಟಿಯು ಮತ್ತು ಅಂತಾರಾಷ್ಟ್ರೀಯ ಸ್ಟ್ಯಾಂಡರ್ಡ್ ಸಂಸ್ಥೆಗಳಾದ ಐಎಸ್‌ಒ, ಐಇಸಿ ಮೂರಕ್ಕೂ 2007ರಿಂದ ಒಂದೇ ಪೇಟೆಂಟ್ ನೀತಿ, ಒಂದೇ ಫಾರ್ಮ್. ಅದರಲ್ಲಿ ಮೂರು ಗೆರೆ. ಒಂದು, ಪುಕ್ಕಟೆಯಾಗಿ ಕೊಡುತ್ತೇವೆ. ಎರಡು, ನ್ಯಾಯಯುತ ಷರತ್ತಿಗೆ ಮಾತುಕತೆ ಮಾಡಿ ಕೊಡುತ್ತೇವೆ. ಮೂರು, ಎರಡಕ್ಕೂ ಒಪ್ಪುವುದಿಲ್ಲ. ಮೊದಲೆರಡರಲ್ಲಿ ಪೇಟೆಂಟ್ ಸಂಖ್ಯೆ ಕೊಡುವುದು ಕಡ್ಡಾಯವಲ್ಲ. ಮೂರನೆಯದಕ್ಕೆ ಗುರುತು ಹಾಕಿದರೆ ಮಾತ್ರ ಸಂಖ್ಯೆ, ಸ್ಟ್ಯಾಂಡರ್ಡ್‌ನ ಯಾವ ಭಾಗಕ್ಕೆ ತಾಗುತ್ತದೆ, ಯಾವ ಕ್ಲೇಮ್‌ಗಳು ಎಂಬ ವಿವರಣೆ, ಎಲ್ಲ ಐಟಿಯುಗೆ ಕೊಡಲೇಬೇಕು; ಐಎಸ್‌ಒ, ಐಇಸಿಗಳಲ್ಲಿ ಕೊಡಬೇಕೆಂಬ ಬಲವಾದ ಅಪೇಕ್ಷೆ ಇದೆ. ತರ್ಕ ಸರಿಯಾಗಿದೆ: ಯಾರು ದಾರಿ ಮುಚ್ಚುತ್ತಾರೋ ಅವರು ಗೋಡೆ ಎಲ್ಲಿದೆ ಎಂದು ತೋರಿಸಲಿ, ಆಗ ಸಮಿತಿ ಅದನ್ನು ಸುತ್ತಿಕೊಂಡು ಹೋಗಬಹುದು.

ಎಟ್ಸಿಯಲ್ಲಿ ಹೊಣೆ ವ್ಯಕ್ತಿಯ ಮೇಲಲ್ಲ, ಸದಸ್ಯ ಸಂಸ್ಥೆಯ ಮೇಲೆ. ನೀತಿಯ 4.1ನೇ ಕಲಂ ಪ್ರಕಾರ ತಾಂತ್ರಿಕ ಪ್ರಸ್ತಾಪ ಮಂಡಿಸುವ ಸದಸ್ಯರು, ಆ ಪ್ರಸ್ತಾಪ ಅಂಗೀಕಾರವಾದರೆ ಅನಿವಾರ್ಯವಾಗಬಹುದಾದ (ಅಂದರೆ ಬಳಸದೆ ಸ್ಟ್ಯಾಂಡರ್ಡ್ ಪಾಲಿಸಲು ಸಾಧ್ಯವೇ ಇಲ್ಲದ) ತಮ್ಮ ಹಕ್ಕುಗಳನ್ನು ಪ್ರಾಮಾಣಿಕವಾಗಿ ಗಮನಕ್ಕೆ ತರಬೇಕು. 4.2ನೇ ಕಲಂ ಪೇಟೆಂಟ್ ಹುಡುಕಾಟದ ಹೊಣೆ ಇಲ್ಲ ಎನ್ನುತ್ತದೆ. ಒಂದೇ ಆವಿಷ್ಕಾರದ ಪೇಟೆಂಟ್ ಕುಟುಂಬದಲ್ಲಿ ಒಂದು ಪೇಟೆಂಟನ್ನು ಸಕಾಲಕ್ಕೆ ತಿಳಿಸಿದರೆ ಬೇರೆ ದೇಶಗಳ ಸೋದರ ಪೇಟೆಂಟ್‌ಗಳನ್ನೂ ತಿಳಿಸಿದಂತೆ. ಅನಿವಾರ್ಯ ಪೇಟೆಂಟ್ ಗಮನಕ್ಕೆ ಬಂದಾಗ ಮಹಾನಿರ್ದೇಶಕರು ಮೂರು ತಿಂಗಳೊಳಗೆ ಹಿಂಪಡೆಯಲಾಗದ ಲೈಸೆನ್ಸ್ ಮುಚ್ಚಳಿಕೆ ಕೇಳುತ್ತಾರೆ.

ಐಇಇಇಯಲ್ಲಿ (ವೈ-ಫೈ ಮುಂತಾದವುಗಳ ಸ್ಟ್ಯಾಂಡರ್ಡ್ ರೂಪಿಸುವ ಎಂಜಿನಿಯರ್‌ಗಳ ಸಂಸ್ಥೆ) ಮೀಟಿಂಗ್ ಶುರುವಾಗುವಾಗ ಛೇರ್ ಅನಿವಾರ್ಯ ಪೇಟೆಂಟ್‌ಗಳ ಬಗ್ಗೆ ಕರೆ ಕೊಡುತ್ತಾರೆ. ಪೇಟೆಂಟ್ ಹೊಂದಿರುವವರು ಯಾರು ಎಂದು ತಿಳಿಸುವುದು ಭಾಗವಹಿಸುವವರ ಹೊಣೆ. ಆಮೇಲೆ ಆ ಹಕ್ಕುದಾರರಿಂದ ಭರವಸೆ ಪತ್ರ ಕೇಳಲಾಗುತ್ತದೆ.

ವೆಬ್‌ನ ಸ್ಟ್ಯಾಂಡರ್ಡ್‌ಗಳನ್ನು ರೂಪಿಸುವ ಡಬ್ಲ್ಯು3ಸಿಯ ರೀತಿಯೇ ಬೇರೆ, ಅದನ್ನು ಸರಿಯಾಗಿ ತಿಳಿದುಕೊಳ್ಳದೆ ಸಿಕ್ಕಿಬಿದ್ದವರು ಹೆಚ್ಚು. 2004ರಿಂದಲೂ ಅಲ್ಲಿ ರಾಯಲ್ಟಿ ಇಲ್ಲದ ಲೈಸೆನ್ಸೇ ಮೂಲಸ್ಥಿತಿ. ವರ್ಕಿಂಗ್ ಗ್ರೂಪ್ ಸೇರಿದ ಸಂಸ್ಥೆ ಯಾವುದಾದರೂ ಕ್ಲೇಮನ್ನು ಹೊರಗಿಡಬೇಕೆಂದರೆ ಮೊದಲ ಸಾರ್ವಜನಿಕ ವರ್ಕಿಂಗ್ ಡ್ರಾಫ್ಟ್ ಬಂದ 150 ದಿನದೊಳಗೆ ಹೆಸರಿಸಿ ಹೇಳಬೇಕು. ನಂತರದ ಹಂತದಲ್ಲಿ ಹೊಸದಾಗಿ ಸೇರಿದ ವಿಷಯಕ್ಕೆ 60 ದಿನ. ಸುಮ್ಮನಿದ್ದರೆ ಒಪ್ಪಿದಂತೆ. ಅಂದರೆ ಐಇಟಿಎಫ್‌ನಲ್ಲಿ ಸುಮ್ಮನಿದ್ದರೆ ನಿಯಮಭಂಗ, ಡಬ್ಲ್ಯು3ಸಿಯಲ್ಲಿ ಸುಮ್ಮನಿದ್ದರೆ ಪುಕ್ಕಟೆ ಲೈಸೆನ್ಸ್. ಕ್ಯಾಲೆಂಡರ್‌ನಲ್ಲಿ 150ನೇ ದಿನ ಗುರುತು ಹಾಕುವ ಕೆಲಸವನ್ನು ಒಬ್ಬರ ಹೆಸರಿಗೆ ವಹಿಸಿ.

ತೀರ್ಪುಗಂಟು

ಹೇಳದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ದಾಖಲೆಯಲ್ಲಿರುವ ಪ್ರಕರಣಗಳೇ ಸಾಕು.

ಕಂಪ್ಯೂಟರ್ ಒಳಗಿನ ಜೋಡಣೆಗೆ ಸಂಬಂಧಿಸಿದ, ವೆಸಾ ಸಂಸ್ಥೆಯ ವಿಎಲ್-ಬಸ್ ಸ್ಟ್ಯಾಂಡರ್ಡ್ 1992ರದ್ದು. ತಮ್ಮ ಯಾವ ಪೇಟೆಂಟೂ ಇದಕ್ಕೆ ತಾಗುವುದಿಲ್ಲ ಎಂದು ಡೆಲ್ ಪ್ರತಿನಿಧಿ ಪ್ರಮಾಣೀಕರಿಸಿದ್ದರು. ಡೆಲ್‌ಗೆ 1991ರಲ್ಲೇ ಪೇಟೆಂಟ್ ಸಿಕ್ಕಿತ್ತು. ಸ್ಟ್ಯಾಂಡರ್ಡ್ ಜನಪ್ರಿಯವಾದ ಮೇಲೆ ಹಕ್ಕು ಕೇಳಿತು. ವ್ಯಾಪಾರದಲ್ಲಿ ನ್ಯಾಯಯುತ ಸ್ಪರ್ಧೆ ನೋಡಿಕೊಳ್ಳುವ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಎದುರು 1996ರಲ್ಲಿ ಅಂತಿಮವಾದ ಒಪ್ಪಂದದಂತೆ ವಿಎಲ್-ಬಸ್ ಬಳಸುವವರ ಮೇಲೆ ಆ ಪೇಟೆಂಟ್ ಚಲಾಯಿಸುವುದನ್ನೇ ಬಿಡಬೇಕಾಯಿತು.

ಕ್ವಾಲ್‌ಕಾಮ್ ಮತ್ತು ಬ್ರಾಡ್‌ಕಾಮ್ ನಡುವಿನದ್ದು ಎಚ್.264 ವಿಡಿಯೋ ಸ್ಟ್ಯಾಂಡರ್ಡ್ ಕುರಿತದ್ದು. ಸ್ಟ್ಯಾಂಡರ್ಡ್ ರೂಪಿಸಿದ ಜಂಟಿ ತಂಡದಲ್ಲಿ ಭಾಗವಹಿಸಿದ್ದರೂ ಕ್ವಾಲ್‌ಕಾಮ್ ತನ್ನ ಎರಡು ಪೇಟೆಂಟ್‌ಗಳನ್ನು ತಿಳಿಸಿರಲಿಲ್ಲ. 2008ರಲ್ಲಿ ಫೆಡರಲ್ ಸರ್ಕ್ಯೂಟ್ ಕೋರ್ಟ್ (ಅಮೆರಿಕದಲ್ಲಿ ಪೇಟೆಂಟ್ ಮೇಲ್ಮನವಿಗಳನ್ನು ಕೇಳುವ ಕೋರ್ಟ್), ಎಚ್.264 ಪ್ರಕಾರ ನಡೆಯುವ ಉತ್ಪನ್ನಗಳ ಮೇಲೆ ಅವು ಚಲಾವಣೆಯಾಗುವುದಿಲ್ಲ ಎಂದಿತು. ಕೆಳಗಿನ ಕೋರ್ಟ್ ಅವು ಯಾರ ಮೇಲೂ ಚಲಾವಣೆಯಾಗುವುದಿಲ್ಲ ಎಂದಿತ್ತು, ಮೇಲಿನ ಕೋರ್ಟ್ ಅದನ್ನು ಸ್ಟ್ಯಾಂಡರ್ಡ್‌ನ ವ್ಯಾಪ್ತಿಗೆ ಇಳಿಸಿತು.

ರ್‍ಯಾಂಬಸ್ ವಿಷಯ ತದ್ವಿರುದ್ಧ. ಮೆಮೊರಿ ಚಿಪ್‌ಗಳ ಸ್ಟ್ಯಾಂಡರ್ಡ್ ರೂಪಿಸುವ ಜೆಡೆಕ್ ಸಮಿತಿಯಲ್ಲಿದ್ದ ಈ ಕಂಪನಿ 1996ರಲ್ಲಿ ಹೊರಬಂದು, ಆಮೇಲೆ ಮೆಮೊರಿ ಚಿಪ್ ತಯಾರಕರ ಮೇಲೆ ಹಕ್ಕು ಸಾಧಿಸಿತು. ಆದರೆ 2003ರಲ್ಲಿ ಫೆಡರಲ್ ಸರ್ಕ್ಯೂಟ್ ಅದರ ಪರ ನಿಂತಿತು; ಜೆಡೆಕ್‌ನ ನೀತಿಯಲ್ಲಿ ಏನು ಹೇಳಬೇಕು ಎಂಬುದೇ ಸ್ಪಷ್ಟವಿಲ್ಲ ಅನ್ನುವುದು ಅದಕ್ಕೆ ಮುಖ್ಯ ಕಾರಣ. ಫೆಡರಲ್ ಟ್ರೇಡ್ ಕಮಿಷನ್ 2006ರಲ್ಲಿ ಅದರ ವಿರುದ್ಧ ಕೊಟ್ಟಿದ್ದ ತೀರ್ಮಾನವನ್ನೂ 2008ರಲ್ಲಿ ಇನ್ನೊಂದು ಮೇಲ್ಮನವಿ ಕೋರ್ಟ್ ರದ್ದು ಮಾಡಿತು. ನಿಯಮ ಬರೆಯುವವರು ಇದನ್ನು ಓದಲೇಬೇಕು. «ಸಂಬಂಧಿತ ಪೇಟೆಂಟ್‌ಗಳನ್ನು ತಿಳಿಸಿ» ಎಂದು ಒಂದೇ ವಾಕ್ಯ ಬರೆದಿಟ್ಟರೆ ಸಾಲದು: ಅರ್ಜಿಗಳೂ ಸೇರಿವೆಯೇ, ಯಾರ ತಿಳಿವಳಿಕೆ, ಎಷ್ಟರೊಳಗೆ, ಎಲ್ಲ ಬರೆದಿರಬೇಕು.

ಕರಡುಪ್ರತಿ

ಪ್ರಸ್ತಾಪವನ್ನೇ ಗ್ರೂಪ್ ತಿರಸ್ಕರಿಸಿದರೆ ಹೇಳುವ ಹೊಣೆಯೂ ಹೋಗುತ್ತದಲ್ಲವೇ?

ತೀರ್ಪುಗಂಟು

ಇಲ್ಲ. ಕೋರ್ ವೈರ್‌ಲೆಸ್ ಮತ್ತು ಆಪಲ್ ಪ್ರಕರಣ, ಫೆಡರಲ್ ಸರ್ಕ್ಯೂಟ್, 2018. ಕೋರ್ ವೈರ್‌ಲೆಸ್ ಕೈಯಲ್ಲಿದ್ದದ್ದು ನೋಕಿಯಾದಿಂದ ಬಂದ ಪೇಟೆಂಟ್. ನೋಕಿಯಾ 1997ರ ನವೆಂಬರ್‌ನಲ್ಲಿ ಫಿನ್‌ಲೆಂಡ್‌ನಲ್ಲಿ ಅರ್ಜಿ ಹಾಕಿ, ಅದೇ ವಿಚಾರವನ್ನು ಎಟ್ಸಿಯಲ್ಲಿ ಮಂಡಿಸಿತ್ತು. ಆ ಪ್ರಸ್ತಾಪ ಅಂಗೀಕಾರವಾಗಲಿಲ್ಲ; 1998ರಲ್ಲಿ ಬೇರೆ ಪ್ರಸ್ತಾಪ ಸ್ಟ್ಯಾಂಡರ್ಡ್ ಆಯಿತು. ನೋಕಿಯಾ ಪೇಟೆಂಟ್ ವಿಷಯ ಎಟ್ಸಿಗೆ ತಿಳಿಸಿದ್ದು 2002ರಲ್ಲಿ. ಪ್ರಸ್ತಾಪ ಬಿದ್ದುಹೋದ ಮೇಲೆ ಹೇಳುವುದೇನಿತ್ತು, ಕ್ಲೇಮ್‌ಗಳು ಆಗಿನ್ನೂ ಅಂತಿಮವಾಗಿರಲಿಲ್ಲ ಅನ್ನುವ ವಾದ ನಿಲ್ಲಲಿಲ್ಲ. ನಿಯಮದಲ್ಲಿರುವುದು «ಅಂಗೀಕಾರವಾದರೆ ಅನಿವಾರ್ಯವಾಗಬಹುದಾದ» ಎಂಬ ಮಾತು. ಆದ್ದರಿಂದ ಹೊಣೆ ಹುಟ್ಟುವುದು ಪ್ರಸ್ತಾಪ ಮಂಡಿಸಿದ ಹೊತ್ತಿಗೇ ಎಂದಿತು ಕೋರ್ಟ್. ಪೇಟೆಂಟ್ ಚಲಾವಣೆಯಾಗಬೇಕೇ ಎಂಬುದನ್ನು ಮತ್ತೆ ಪರಿಶೀಲಿಸಲು ಕೆಳಗಿನ ಕೋರ್ಟ್‌ಗೆ ಕಳಿಸಿತು.

ಕ್ಲೇಮ್‌ಸಾಲು

ದಿನಾಂಕಗಳ ವಿಷಯದಲ್ಲಿ ಇನ್ನೊಂದು ಅಪಾಯ ಇದೆ, ಇದು ಹಕ್ಕುದಾರರಿಗೇ ಹೊಡೆಯುವಂಥದ್ದು. ಡ್ರಾಫ್ಟ್ ಮೊದಲು ಸಲ್ಲಿಸಿ ಅರ್ಜಿ ಆಮೇಲೆ ಹಾಕಿದರೆ ಆ ಡ್ರಾಫ್ಟೇ ಪೂರ್ವಜ್ಞಾನವಾಗಿ (ವಿಚಾರ ಹೊಸದಲ್ಲ, ಆಗಲೇ ಬಹಿರಂಗವಾಗಿತ್ತು ಅನ್ನುವುದಕ್ಕೆ ಸಾಕ್ಷಿಯಾಗಿ) ಎದುರು ನಿಲ್ಲುತ್ತದೆ. ಅಮೆರಿಕದಲ್ಲಿ ಆವಿಷ್ಕಾರಕರದ್ದೇ ಪ್ರಕಟಣೆಗೆ ಒಂದು ವರ್ಷದ ವಿನಾಯಿತಿ ಇದೆ, ಯುರೋಪಿನಲ್ಲಿ ಅಂಥ ವಿನಾಯಿತಿ ಇಲ್ಲ. ಯುರೋಪಿನ ಪೇಟೆಂಟ್ ಪರೀಕ್ಷಕರು ಸ್ಟ್ಯಾಂಡರ್ಡ್ ಸಂಸ್ಥೆಗಳ ದಾಖಲೆಗಳನ್ನು ಹುಡುಕಿ ನೋಡುತ್ತಾರೆ. ಆದ್ದರಿಂದ ಕ್ರಮ ಹೀಗಿರಲಿ: ಮೊದಲು ಅರ್ಜಿ, ಅದರ ಸ್ವೀಕೃತಿ ಕೈಗೆ ಬಂದ ಮೇಲೆ ಡ್ರಾಫ್ಟ್, ಡ್ರಾಫ್ಟ್‌ನ ಬೆನ್ನಿಗೇ ಡಿಸ್‌ಕ್ಲೋಷರ್. ಇದರಲ್ಲಿ ಕೊನೆಯ ಎರಡರ ನಡುವೆ ಅಂತರ ಬಿಡಬೇಡಿ.

ಡ್ರಾಫ್ಟ್‌ಗೆ ಹೊಸ ಸೆಕ್ಷನ್ ಸೇರಿಸುವಾಗಲೂ ಇದೇ. 00ದಲ್ಲಿ ಇಲ್ಲದ ಒಂದು ವಿಧಾನ 03ರಲ್ಲಿ ಸೇರಿತು, ಅದಕ್ಕೆ ಬೇರೆ ಅರ್ಜಿ ಇದೆ ಎಂದರೆ ಹಳೆಯ ಡಿಸ್‌ಕ್ಲೋಷರ್ ಅದನ್ನು ಮುಚ್ಚುವುದಿಲ್ಲ.

ಹೆಡರ್‌ಬಿಟ್

ಒಮ್ಮೆ ಸಲ್ಲಿಸಿದ ಮೇಲೆ ಮರೆತುಬಿಡುವುದು ಎಲ್ಲಕ್ಕಿಂತ ಸಾಮಾನ್ಯವಾದ ಲೋಪ. ನಮ್ಮ ಉದಾಹರಣೆಯಲ್ಲಿ ಸೆಪ್ಟೆಂಬರ್‌ನಲ್ಲಿ ಅರ್ಜಿ ಪ್ರಕಟವಾಯಿತು ಅನ್ನಿ. ಆಗ ಸಂಖ್ಯೆಯೊಂದಿಗೆ ಡಿಸ್‌ಕ್ಲೋಷರ್ ಪರಿಷ್ಕರಿಸಬೇಕು. ಪೇಟೆಂಟ್ ಮಂಜೂರಾದರೆ ಮತ್ತೆ, ಅರ್ಜಿ ಕೈಬಿಟ್ಟರೂ ಮತ್ತೆ. ಕೈಬಿಟ್ಟದ್ದನ್ನು ಹೇಳುವುದನ್ನು ಬಹುತೇಕ ಯಾರೂ ನೆನಪಿಡುವುದಿಲ್ಲ. ಅದರಿಂದ ಸತ್ತ ಅರ್ಜಿಯ ನೆರಳು ವರ್ಷಗಟ್ಟಲೆ ಆರ್‌ಎಫ್‌ಸಿ ಮೇಲೆ ಉಳಿಯುತ್ತದೆ, ಅದನ್ನು ಜಾರಿಗೆ ತರಬೇಕೆನ್ನುವವರು ಸುಮ್ಮನೆ ಹಿಂಜರಿಯುತ್ತಾರೆ. ಪೇಟೆಂಟ್ ವಿಭಾಗದವರ ಡಾಕೆಟ್‌ನಲ್ಲಿ (ಅರ್ಜಿಗಳ ಸ್ಥಿತಿಗತಿ ಬರೆದಿಡುವ ಪಟ್ಟಿ) ಆ ಅರ್ಜಿಯ ಎದುರಿಗೇ ಡ್ರಾಫ್ಟ್‌ನ ಹೆಸರು ಬರೆದಿಟ್ಟರೆ, ಅರ್ಜಿಯ ಸ್ಥಿತಿ ಬದಲಾದಾಗಲೆಲ್ಲ ಇದು ನೆನಪಾಗುತ್ತದೆ.

ಛೇರ್‌ಗಳಿಗೆ: ವರ್ಕಿಂಗ್ ಗ್ರೂಪ್ ಡ್ರಾಫ್ಟನ್ನು ಅಂಗೀಕರಿಸುವ ಮೊದಲು, ಮತ್ತೆ ಕೊನೆಯ ಕರೆಯ (ಅಂತಿಮಗೊಳಿಸುವ ಮುನ್ನ ಆಕ್ಷೇಪ ಕೇಳುವ ಹಂತ) ಮೊದಲು, ಪ್ರತಿ ಲೇಖಕರನ್ನೂ ಹೆಸರು ಹಿಡಿದು ಕೇಳಿ, ಉತ್ತರ ಲಿಸ್ಟ್‌ನಲ್ಲೇ ಬರಲಿ. ಹೀಗೆ ನೆನಪಿಸುವ ಬಗೆಗಳನ್ನು 2012ರ ಆರ್‌ಎಫ್‌ಸಿ 6702 ಹೇಳುತ್ತದೆ, ನಿಯಮ ಮುರಿದವರ ಮೇಲೆ ತೆಗೆದುಕೊಳ್ಳಬಹುದಾದ ಕ್ರಮಗಳನ್ನು 6701. ಒಬ್ಬ ಲೇಖಕರು ಉತ್ತರಿಸದಿದ್ದರೆ ಡ್ರಾಫ್ಟನ್ನು ಮುಂದೆ ತಳ್ಳಬೇಡಿ. ಆ ಒಂದು ವಾರದ ತಡವನ್ನು ಸಹಿಸಿಕೊಳ್ಳಬಹುದು. ಆರ್‌ಎಫ್‌ಸಿ ಆದ ಮೇಲೆ ಬರುವ ಡಿಸ್‌ಕ್ಲೋಷರ್‌ಗೆ ಯಾವ ಮದ್ದೂ ಇಲ್ಲ, ಅಷ್ಟರಲ್ಲಿ ಕೋಡ್ ಉತ್ಪನ್ನಗಳೊಳಗೆ ಸೇರಿರುತ್ತದೆ.

ಕರಡುಪ್ರತಿ

ಕೊನೆಯದಾಗಿ ಒಂದು. ಕಂಪನಿ ಆ ಪೇಟೆಂಟನ್ನು ಬೇರೆಯವರಿಗೆ ಮಾರಿದರೆ, ಕೊಟ್ಟ ಲೈಸೆನ್ಸ್ ಭರವಸೆ?

ಮಾನಕಮಿತ್ರ

8179 ಪ್ರಕಾರ ಡಿಸ್‌ಕ್ಲೋಷರ್‌ನಲ್ಲಿ ಬರೆದ ಲೈಸೆನ್ಸ್ ಭರವಸೆಯನ್ನು ಹಿಂಪಡೆಯುವಂತಿಲ್ಲ, ಮತ್ತು ಕಾನೂನು ಬಿಡುವ ಮಟ್ಟಿಗೆ ಅದು ಪೇಟೆಂಟ್‌ಗೇ ಅಂಟಿಕೊಂಡಿರುತ್ತದೆ, ಕೈ ಬದಲಾದರೂ. ಎಟ್ಸಿ ನೀತಿಯಲ್ಲೂ ವರ್ಗಾವಣೆಗೆ ಪ್ರತ್ಯೇಕ ಕಲಂ ಇದೆ. ಆದರೂ «ಕಾನೂನು ಬಿಡುವ ಮಟ್ಟಿಗೆ» ಅನ್ನುವ ಮಾತಿನ ಮೇಲೆ ಭಾರ ಹಾಕಬೇಡಿ. ಮಾರಾಟ ಪತ್ರದಲ್ಲೇ ಡಿಸ್‌ಕ್ಲೋಷರ್‌ನ ಸಂಖ್ಯೆ, ಡ್ರಾಫ್ಟ್ ಅಥವಾ ಆರ್‌ಎಫ್‌ಸಿ ಹೆಸರು, ಆಯ್ಕೆ ಮಾಡಿದ ಷರತ್ತು ಮೂರನ್ನೂ ಬರೆದು, ಕೊಳ್ಳುವವರು ಅದಕ್ಕೆ ಬದ್ಧರು, ಅವರು ಮುಂದೆ ಮಾರಿದರೆ ಅಲ್ಲೂ ಇದೇ ಷರತ್ತು ಸೇರಿಸಬೇಕು ಎಂದು ಒಂದು ಕಲಂ ಹಾಕಿಸಿ.